ಒಂದು ಅರ್ಜಿ, ಒಂದು ಸೀಲು, ಇಪ್ಪತ್ತು ಮಂದಿ: ಊರ ಕೆಲಸ ಮಾಡಿಸಿಕೊಳ್ಳೋದು ಹೇಗೆ?

ಸಂಜೆ ಅಗಸಿ ಕಟ್ಟೆ ಮೇಲೆ ಕೂತರೆ ನಮ್ಮ ಮಂದಿ ದಿಲ್ಲಿ ಸರ್ಕಾರ, ಬೆಂಗಳೂರು ಸರ್ಕಾರ ಎರಡನ್ನೂ ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿ ಮುಗಿಯೋದರೊಳಗೆ ಬೀಳಿಸಿ ಮತ್ತೆ ಎಬ್ಬಿಸುತ್ತಾರೆ. ಅಷ್ಟು ರಾಜಕೀಯ ಗೊತ್ತು. ಆದರೆ ಅದೇ ಕಟ್ಟೆಯಿಂದ ಐವತ್ತು ಹೆಜ್ಜೆ ದೂರದಲ್ಲಿ ಶುದ್ಧ ನೀರಿನ ಘಟಕ ಬಂದ್ ಆಗಿದೆಯಲ್ಲ, ಅದು ಯಾರ ಕೆಲಸ, ಯಾರಿಗೆ ಅರ್ಜಿ ಕೊಡಬೇಕು ಅಂತ ಕೇಳಿ ನೋಡಿ. ಕಟ್ಟೆ ಸುಮ್ಮನಾಗುತ್ತದೆ.

ನಮ್ಮೂರು ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ನಮ್ಮ ಓಣಿಯ ಘಟಕ ಒಂದು ಯುಗಾದಿಗೆ ನಿಂತಿದ್ದು ದಸರಾ ಹತ್ತಿರ ಬಂದರೂ ಶುರುವಾಗಿರಲಿಲ್ಲ. ಐದು ರೂಪಾಯಿ ನಾಣ್ಯ ಹಾಕುವ ತೂತಿನಲ್ಲಿ ಹುಡುಗರು ಬೆಂಕಿಕಡ್ಡಿ ತುರುಕಿದ್ದರು. ಕೊಡ ಇಡುವ ಕಟ್ಟೆ ಮೇಲೆ ನಾಯಿ ಮಲಗುತ್ತಿತ್ತು. ಬೋರ್‌ನೀರಿನಲ್ಲಿ ಫ್ಲೋರೈಡ್ ಇರುವ ಜಿಲ್ಲೆ ನಮ್ಮದು. ಹಾಗಾಗಿ ಅದು ಬರೀ ಅನುಕೂಲದ ಮಾತಾಗಿರಲಿಲ್ಲ. ಅದನ್ನು ಮತ್ತೆ ಶುರು ಮಾಡಿಸುವುದರಲ್ಲಿ ನಾನು ಕಲಿತಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವ ಪಕ್ಷದವನೂ ಅಲ್ಲ, ಸಂಘದವನೂ ಅಲ್ಲ. ಜಾಸ್ತಿ ಓದಿದವನೂ ಅಲ್ಲ. ತಪ್ಪು ಮಾಡಿ ಮಾಡಿ ದಾರಿ ಗೊತ್ತಾಯಿತು ಅಷ್ಟೇ.

"ಏನ್ ಆಗತೈತಿ ಬಿಡೋ ತಮ್ಮಾ, ಎಲ್ಲಾ ಅವರವರೇ ಮಾಡ್ಕೋತಾರ" ಅಂತ ಹಿರಿಯರು ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಡಿಸಿದ ಸಂವಿಧಾನದ 371(ಜೆ) ವಿಧಿ ನೋಡಿ. ಒಮ್ಮೆ ಕೇಂದ್ರ ಸರ್ಕಾರ ಆಗೋದಿಲ್ಲ ಅಂತ ವಾಪಸ್ ಕಳಿಸಿದ್ದ ಬೇಡಿಕೆ ಅದು. ಇಲ್ಲಿನವರು ಬಿಡದೆ ವರ್ಷಗಟ್ಟಲೆ ಕೇಳಿದ ಮೇಲೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಒಪ್ಪಿತು. ಇವತ್ತು ನಿಮ್ಮ ಮನೆ ಹುಡುಗಿ ಆ ಸರ್ಟಿಫಿಕೇಟ್ ಇಟ್ಟು ಸೀಟಿಗೋ ನೌಕರಿಗೋ ಅರ್ಜಿ ಹಾಕಿದರೆ, ಅದರ ಹಿಂದೆ ಬಿಸಿಲಲ್ಲಿ ಕೂತ ಮಂದಿ ಇದ್ದಾರೆ.

ಅದು ದೊಡ್ಡ ಹೋರಾಟ. ನಾವು ಸಣ್ಣದರಿಂದ ಶುರು ಮಾಡೋಣ.

ಮೊದಲು ಒಂದೇ ವಿಷಯ ಹಿಡಿಯಿರಿ

ನಾವು ಮಾಡಿದ ಮೊದಲ ತಪ್ಪೇ ಇದು. ಮೊದಲ ಅರ್ಜಿಯಲ್ಲಿ ನೀರು, ಚರಂಡಿ, ಬೀದಿದೀಪ, ಸ್ಮಶಾನದ ದಾರಿ, ಬೆಳಗಿನ ಬಸ್ಸು, ಅಂಗನವಾಡಿ ಕಾಂಪೌಂಡು ಎಲ್ಲ ತುಂಬಿಸಿದ್ದೆವು. ಓದಿದವರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗಲ್ಲ. "ಪರಿಶೀಲಿಸಲಾಗುವುದು" ಅಂದುಬಿಡೋದು ಅವರಿಗೂ ಸುಲಭ. ಒಂದು ವಿಷಯ ಹಿಡಿಯಿರಿ. ಅದು ಹೇಗಿರಬೇಕೆಂದರೆ, ಆಯಿತೋ ಇಲ್ಲವೋ ಅಂತ ನೋಡಿದ ಕೂಡಲೇ ಹೇಳುವಂತಿರಬೇಕು. "ಊರು ಸುಧಾರಣೆ ಮಾಡಿ" ಅಂದರೆ ಯಾರೂ ಅಳೆಯೋಕೆ ಆಗಲ್ಲ. "3ನೇ ವಾರ್ಡಿನ ಘಟಕದ ಮೋಟರ್ ರಿಪೇರಿ ಮಾಡಿಸಿ" ಅಂದರೆ ನೀರು ಬಂತು ಅಥವಾ ಬರಲಿಲ್ಲ, ಎರಡೇ ಉತ್ತರ.

ಅದು ಯಾರ ಕೆಲಸ ಅಂತ ತಿಳಿದುಕೊಳ್ಳಿ

ಅರ್ಧ ಅರ್ಜಿಗಳು ಹಾಳಾಗೋದು ತಪ್ಪು ಬಾಗಿಲಿಗೆ ಹೋಗಿ. ಊರೊಳಗಿನ ಓಣಿ ರಸ್ತೆ, ಚರಂಡಿ, ಬೀದಿದೀಪ ಗ್ರಾಮ ಪಂಚಾಯಿತಿಯದು, ಅಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಊರಿಂದ ತಾಲ್ಲೂಕಿಗೆ ಹೋಗುವ ದೊಡ್ಡ ರಸ್ತೆ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯದು. ಕರೆಂಟ್ ಕೈಕೊಟ್ಟರೆ ಜೆಸ್ಕಾಂ, ಫೋನು 1912. ಬಸ್ಸು ಬೇಕಂದರೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಡಿಪೋ ಮ್ಯಾನೇಜರ್. ಪಟ್ಟಣದವರಿಗೆ ನಗರಸಭೆ, ಪಾಲಿಕೆ ಇದೆ.

ಕಾಲುವೆ ನೀರಿನದು ಬೇರೆಯೇ ಕಥೆ. ತುಂಗಭದ್ರಾ ಎಡದಂಡೆಯ ಕೊನೆ ಭಾಗದವರಿಗೆ, ಅಂದರೆ ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ಕಡೆಯವರಿಗೆ ಇದು ಹೇಳಬೇಕಾಗಿಲ್ಲ. ನಮ್ಮ ರೈತರಿಗೆ ಕಾಲುವೆಯ ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ ಎಷ್ಟು, 104ರಲ್ಲಿ ಎಷ್ಟು ಅಂತ ಮಕ್ಕಳ ಮಾರ್ಕ್ಸ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಂಚಾಯಿತಿ ಮುಂದೆ ಕೂತರೆ ಕಾಲುವೆ ನೀರು ಬರಲ್ಲ. ನೀರು ಯಾವಾಗ ಎಷ್ಟು ಬಿಡಬೇಕು ಅಂತ ತೀರ್ಮಾನ ಆಗೋದು ನೀರಾವರಿ ಸಲಹಾ ಸಮಿತಿಯಲ್ಲಿ, ಬಿಡೋದು ನೀರಾವರಿ ನಿಗಮದ ಎಂಜಿನಿಯರುಗಳು. ಹಾಗಾಗಿ ಸಭೆಯ ಮುಂಚೆಯೇ ನಿಮ್ಮ ಶಾಸಕರ ಕೈಯಲ್ಲಿ ಕಾಗದ ಇರಬೇಕು. ಸಭೆ ಮುಗಿದ ಮೇಲೆ ರಸ್ತೆ ತಡೆದು ಏನು ಪ್ರಯೋಜನ?

ನಮ್ಮ ಘಟಕದ ವಿಷಯದಲ್ಲಿ ಮೂರು ಕಡೆ ಅಲೆದೆವು. ಪಂಚಾಯಿತಿಯವರು "ಅದು ನೀರು ಸರಬರಾಜು ಇಲಾಖೆಯದು" ಅಂದರು. ಇಲಾಖೆಯವರು "ಪಂಚಾಯಿತಿಗೆ ಹಸ್ತಾಂತರ ಆಗಿದೆ" ಅಂದರು. ಇಬ್ಬರೂ ಸೇರಿ "ಏಜೆನ್ಸಿಯವರನ್ನು ಕೇಳಿ" ಅಂದರು. ಏಜೆನ್ಸಿಯ ಫೋನ್ ಸ್ವಿಚ್ ಆಫ್. ಇಂಥ ಕಡೆ ಏನು ಮಾಡಬೇಕು ಅನ್ನೋದನ್ನು ಮುಂದೆ ಹೇಳುತ್ತೇನೆ.

ಬರೆದು ಕೊಡಿ, ಸೀಲು ಹಾಕಿಸಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ನಾನು ನಾಲ್ಕು ಸಲ ಬಾಯಲ್ಲಿ ಹೇಳಿ ಬಂದೆ. ನಾಲ್ಕು ಸಲವೂ ಚಹಾ ಕುಡಿಸಿ "ಆಯ್ತು, ಮಾಡಿಸೋಣ" ಅಂದು ಕಳಿಸಿದರು. ಐದನೇ ಸಲ ಹೋದರೆ ಅಧಿಕಾರಿಯೇ ಬದಲಾಗಿದ್ದರು. ಹೊಸಬರಿಗೆ ನಾನು ಯಾರು ಅಂತ ಗೊತ್ತಿಲ್ಲ, ನಾಲ್ಕು ಸಲ ಬಂದಿದ್ದಕ್ಕೆ ಚಹಾ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಅರ್ಜಿ ಒಂದು ಪುಟ ಸಾಕು. ಕವಿತೆ ಬೇಡ, ಬೈಗುಳವೂ ಬೇಡ. ನಾವು ಬರೆದದ್ದು ಹೀಗಿತ್ತು:

"ವಿಷಯ: 3ನೇ ವಾರ್ಡಿನ ಶುದ್ಧ ಕುಡಿಯುವ ನೀರಿನ ಘಟಕ ದುರಸ್ತಿ ಬಗ್ಗೆ. ಮಾನ್ಯರೇ, ಹನುಮಪ್ಪನ ಗುಡಿ ಹಿಂದಿನ ಘಟಕ ಯುಗಾದಿಯಿಂದ ನಿಂತಿದೆ. ಮೋಟರ್ ಸುಟ್ಟಿದೆ ಎಂದು ನೀರು ಬಿಡುವವರು ಹೇಳಿದ್ದಾರೆ. 63 ಮನೆಯವರು ಬೋರ್ ನೀರು ಕುಡಿಯುತ್ತಿದ್ದೇವೆ. 15 ದಿನದೊಳಗೆ ದುರಸ್ತಿ ಮಾಡಿಸಬೇಕು, ಆಗದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು ಎಂದು ಕೋರುತ್ತೇವೆ."

ಕೆಳಗೆ ತಾರೀಖು, ಹೆಸರುಗಳು, ಸಹಿ, ಹೆಬ್ಬೆಟ್ಟು, ಒಂದು ಫೋನ್ ನಂಬರ್. ಜೊತೆಗೆ ಬೀಗ ಹಾಕಿದ ಘಟಕದ ಎರಡು ಫೋಟೊ. ಅಷ್ಟೇ. "ಆಗದಿದ್ದರೆ ಕಾರಣ ಬರೆದು ತಿಳಿಸಿ" ಅನ್ನೋ ಸಾಲನ್ನು ಬಿಡಬೇಡಿ. ಆಮೇಲೆ ಅದೇ ಕೆಲಸಕ್ಕೆ ಬರುತ್ತದೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ. "ಸಾಹೇಬರು ಇಲ್ಲ, ಇಟ್ಟು ಹೋಗಿ" ಅಂದರೆ ಇಟ್ಟು ಬರಬೇಡಿ. "ಸಾಹೇಬರು ಬೇಡ್ರೀ ಅಣ್ಣ, ಸೀಲು ಸಾಕು" ಅಂತ ನಗುನಗುತ್ತಾ ಅಲ್ಲೇ ನಿಂತುಕೊಳ್ಳಿ. ತೀರಾ ಹಟ ಮಾಡಿದರೆ ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಮಾಡಿ, ಆ ಚೀಟಿಯೇ ನಿಮ್ಮ ಸೀಲು. 1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ಜನಸ್ಪಂದನದಲ್ಲೂ ದೂರು ದಾಖಲಿಸಬಹುದು, ಅಲ್ಲಿ ಕೊಡುವ ದೂರಿನ ನಂಬರನ್ನು ಅದೇ ಪ್ರತಿಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಕಾಗದಗಳೆಲ್ಲ ಹಳೇ ಸೀರೆ ಡಬ್ಬಿಯೊಂದರಲ್ಲಿ ಇವೆ. ಇಲಿ ಸೇರದ ಹಾಗೆ ನೋಡಿಕೊಂಡರೆ ಸಾಕು.

ಒಬ್ಬರೇ ಹೋಗಬೇಡಿ

ಒಬ್ಬ ಹೋದರೆ ಅದು ಅವನ ಸ್ವಂತ ಜಗಳ ಅನ್ನಿಸುತ್ತದೆ. ಹತ್ತು ಮಂದಿ ಹೋದರೆ ಊರ ಮಾತು. ಇದಕ್ಕೆ ಸಂಘ ಕಟ್ಟಿ, ಲೆಟರ್‌ಹೆಡ್ ಮಾಡಿಸಿ, ಅಧ್ಯಕ್ಷ ಯಾರು ಅಂತ ಕಿತ್ತಾಡುವ ಅಗತ್ಯ ಇಲ್ಲ. ನಮ್ಮ ಕಡೆ ಎಷ್ಟೋ ಒಳ್ಳೆ ಕೆಲಸ ಲೆಟರ್‌ಹೆಡ್ ಪ್ರಿಂಟ್ ಆದ ದಿನವೇ ಸತ್ತಿದೆ.

ಯಾರನ್ನು ಕರೆಯಬೇಕು? ನೀರಿನ ವಿಷಯ ಆದರೆ ನೀರು ಹೊರುವವರನ್ನು. ಮೊದಲ ಎರಡು ಸಲ ನಾವು ಗಂಡಸರೇ ಹೋಗಿದ್ದೆವು. ಮೂರನೇ ಸಲ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹನ್ನೊಂದು ಮಂದಿ ಬಂದರು. ಅದರಲ್ಲಿ ಒಬ್ಬ ಅವ್ವ ಬಾಟಲಿಯಲ್ಲಿ ಬೋರ್ ನೀರು ತಂದು ಮೇಜಿನ ಮೇಲಿಟ್ಟು, "ಸಾಹೇಬ್ರ, ಬಿಸಿಲಾಗ ಬಂದೀವಿ. ನೀವೂ ಒಂದ್ ಗುಟುಕ ಕುಡೀರಿ" ಅಂದರು. ಯಾರೂ ಕುಡಿಯಲಿಲ್ಲ. ಅವತ್ತೇ ಮೊದಲ ಸಲ ಅಲ್ಲಿಂದ ಎಂಜಿನಿಯರಿಗೆ ಫೋನ್ ಹೋಯಿತು.

ಇನ್ನೊಂದು ವಿಷಯ, ಸ್ವಲ್ಪ ಮುಜುಗರದ್ದು. ನಮ್ಮೂರುಗಳಲ್ಲಿ ಓಣಿ ಅಂದರೆ ಜಾತಿ. ಒಂದೇ ಓಣಿಯ ಸಹಿ ಇದ್ದರೆ "ಅವರ ಓಣಿದು" ಅಂತ ಪಕ್ಕಕ್ಕಿಡುತ್ತಾರೆ. ಎರಡು ಓಣಿಯವರಿಗೂ ಬೇಕಾದ ವಿಷಯದಿಂದ ಶುರು ಮಾಡಿದರೆ ಒಟ್ಟಿಗೆ ನಿಲ್ಲೋದು ಅಷ್ಟು ಕಷ್ಟ ಆಗಲ್ಲ. ಸಹಿ ಕೇಳೋಕೆ ಎಲ್ಲರ ಮನೆಗೂ ಹೋಗಿ, ಅವರ ಕಟ್ಟೆ ಮೇಲೆ ಕೂತು, ಅವರ ಮನೆ ನೀರು ಕುಡಿದು ಕೇಳಿ. ಎಷ್ಟೋ ಮನೆಯಲ್ಲಿ ಸಹಿಗಿಂತ ಮೊದಲು ಅದನ್ನೇ ನೋಡುತ್ತಾರೆ.

ಗುಳೆ ಹೋಗುವ ಕಾಲವನ್ನೂ ನೋಡಿಕೊಳ್ಳಿ. ಲಿಂಗಸುಗೂರು, ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆ ಸುಗ್ಗಿ ಮುಗಿದ ಮೇಲೆ ಅರ್ಧ ಊರು ಬೆಂಗಳೂರಿನ ಕಟ್ಟಡಗಳಲ್ಲಿ ಇರುತ್ತದೆ. ಸಹಿ, ಸಭೆ ಎಲ್ಲ ಅದಕ್ಕಿಂತ ಮೊದಲು ಮುಗಿಸಿ.

ವಾರ್ಡ್ ಸಭೆ, ಗ್ರಾಮ ಸಭೆ: ಇಪ್ಪತ್ತು ಮಂದಿ ಇದ್ದರೆ ಸಾಕು

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ನಮಗೆ ಕೊಟ್ಟಿರುವಷ್ಟು ಅಧಿಕಾರ ನಮಗೇ ಗೊತ್ತಿಲ್ಲ. ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ಆಗಬೇಕು. ವಾರ್ಡ್ ಸಭೆ ನಡೆಸುವವರು ನಿಮ್ಮ ವಾರ್ಡಿನ ಸದಸ್ಯರು. ಅದಕ್ಕೆ ಕೋರಂ, ಅಂದರೆ ಕಡಿಮೆ ಅಂದರೂ ಇರಬೇಕಾದ ಜನ, ಎಷ್ಟು ಗೊತ್ತಾ? ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ, ಅಥವಾ 20 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ನೂರಕ್ಕೆ ಹತ್ತು, ಅಥವಾ 100 ಜನ. ಮನೆ ಯಾರಿಗೆ ಕೊಡಬೇಕು, ಯಾವ ಕೆಲಸ ಮೊದಲು ಆಗಬೇಕು ಅಂತ ಹೇಳಬೇಕಾದ ಜಾಗ ಇದು.

ನಿಜದಲ್ಲಿ ಏನಾಗುತ್ತದೆ? ಎಷ್ಟೋ ಕಡೆ ಸಭೆ ಆಗುವುದು ರಿಜಿಸ್ಟರಿನಲ್ಲಿ. ಬಿಲ್ ಕಲೆಕ್ಟರ್ ಪುಸ್ತಕ ಹಿಡಿದು ಮನೆಮನೆಗೆ ಬಂದು "ಇಲ್ಲೊಂದು ಸಹಿ ಮಾಡ್ರೀ ಅಕ್ಕಾ" ಅಂತ ಕೇಳಿದರೆ ನಾವು ಏನು ಎತ್ತ ಅಂತ ಕೇಳದೆ ಹಾಕಿಕೊಡುತ್ತೇವೆ. ಅಲ್ಲಿಗೆ ಸಭೆ ಮುಗಿಯಿತು. ಇನ್ನು ಮುಂದೆ ಹಾಗೆ ಸಹಿ ಹಾಕಬೇಡಿ. ಅಷ್ಟು ಮಾಡಿದರೂ ದೊಡ್ಡ ಕೆಲಸವೇ.

ಸಭೆಗೆ ಹೋಗುವ ಮುಂಚೆ ತಯಾರಿ ಬೇಕು. ಹಿಂದಿನ ದಿನ ಸಂಜೆ ನಿಮ್ಮ ಇಪ್ಪತ್ತು ಮಂದಿ ಒಂದು ಕಡೆ ಕೂತು ಯಾರು ಏನು ಕೇಳಬೇಕು ಅಂತ ಹಂಚಿಕೊಳ್ಳಿ. ಎಲ್ಲರೂ ಒಟ್ಟಿಗೆ ಕೂಗಿದರೆ ಸಭೆಯನ್ನೇ ಮುಂದೂಡಿಬಿಡುತ್ತಾರೆ. ಒಬ್ಬರು ಹಿಂದಿನ ಸಭೆಯ ನಡಾವಳಿ ಓದಿಸಲಿ. ಇನ್ನೊಬ್ಬರು ಅದರಲ್ಲಿ ಆಗದ ಕೆಲಸ ಯಾವುದು ಅಂತ ಕೇಳಲಿ. ಮೂರನೆಯವರು ನಿಮ್ಮ ಬೇಡಿಕೆ ಇಡಲಿ. ಕೊನೆಗೆ ಒಬ್ಬರು, ಅಕ್ಷರ ಚೆನ್ನಾಗಿ ಬರುವವರು, ನಡಾವಳಿ ಪುಸ್ತಕದ ಹತ್ತಿರವೇ ಕೂತು ನಿಮ್ಮ ಠರಾವು ಸರಿಯಾಗಿ ಬರೆದರೋ ಇಲ್ಲವೋ ನೋಡಬೇಕು. ಕೆಳಗೆ ಖಾಲಿ ಜಾಗ ಬಿಟ್ಟು ಸಹಿ ಮಾಡಿಸಿಕೊಂಡರೆ ಅಡ್ಡಗೆರೆ ಎಳೆಸಿ. ಪುಟದ ಫೋಟೊ ತೆಗೆದುಕೊಳ್ಳಿ.

ಸಭೆಯೇ ಕರೆಯದಿದ್ದರೆ? ಗ್ರಾಮ ಸಭೆಯ ನೂರಕ್ಕೆ ಹತ್ತು ಸದಸ್ಯರು, ಅಂದರೆ ಮತದಾರರು, ವಿಷಯ ಬರೆದು ಸಹಿ ಮಾಡಿ ಕೇಳಿದರೆ ವಿಶೇಷ ಗ್ರಾಮ ಸಭೆ ಕರೆಯಬೇಕು ಅಂತಲೂ ಕಾನೂನಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಆದರೆ ಎಷ್ಟೋ ಕಡೆ ಅವರ ಕುರ್ಚಿಯಲ್ಲಿ ಗಂಡನೋ ಮೈದುನನೋ ಕೂತಿರುತ್ತಾನೆ, ಅರ್ಜಿ ಕೊಡುವಾಗ ನಾವೂ ಅವನಿಗೇ ಕೈಮುಗಿಯುತ್ತೇವೆ. ಹಾಗೆ ಮಾಡಬೇಡಿ. "ಅಕ್ಕಾರು ಎಲ್ಲಿ?" ಅಂತ ಕೇಳಿ. ಮನೆಗೆ ಹೋಗಿ ಅವರ ಕೈಗೇ ಕೊಡಿ, ಅವರನ್ನೇ ಮಾತಾಡಿಸಿ. ನಮ್ಮ ಸದಸ್ಯೆ ಮೊದಲ ವರ್ಷ ಬಾಯಿ ಬಿಟ್ಟವರಲ್ಲ. ಹೆಣ್ಣುಮಕ್ಕಳು ಜೊತೆಗೆ ನಿಂತ ಮೇಲೆ ಠರಾವು ಬರೆಸಿದವರೇ ಅವರು.

ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಅಂತ ಲೆಕ್ಕ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಇಷ್ಟು ಸಣ್ಣ ಲೆಕ್ಕದಲ್ಲಿ ನಿಮ್ಮ 63 ಮನೆಯ ಸಹಿಗೆ ಎಷ್ಟು ತೂಕ ಇದೆ ಅಂತ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕಾಗದ ಕೇಳಿ

ಮೂರು ಕಡೆಯವರೂ ನಮ್ಮದಲ್ಲ ಅಂದರು ಅಂದೆನಲ್ಲ, ಅದಕ್ಕೆ ಮದ್ದು 2005ರ ಮಾಹಿತಿ ಹಕ್ಕು ಕಾಯ್ದೆ. ನಮೂನೆ 'ಎ' ಅಂತ ಅರ್ಜಿ ಇದೆ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ.

"ಯಾಕೆ ರಿಪೇರಿ ಮಾಡಿಲ್ಲ?" ಅಂತ ಕೇಳಬೇಡಿ. ಯಾಕೆ ಅನ್ನೋದಕ್ಕೆ ಅವರ ಹತ್ತಿರ ಕಾಗದ ಇರಲ್ಲ, ಹಾಗಾಗಿ ಉತ್ತರವೂ ಬರಲ್ಲ. ಇರುವ ಕಾಗದವನ್ನೇ ಕೇಳಿ. ನಾವು ಕೇಳಿದ್ದು ಮೂರು: ಘಟಕ ಹಸ್ತಾಂತರ ಮಾಡಿದ ಪತ್ರದ ಪ್ರತಿ, ನಿರ್ವಹಣೆಯ ಒಪ್ಪಂದದ ಪ್ರತಿ, ಎರಡು ವರ್ಷದಲ್ಲಿ ನಿರ್ವಹಣೆಗೆ ಪಾವತಿಸಿದ ಬಿಲ್ಲುಗಳ ಪ್ರತಿ.

27ನೇ ದಿನ ಲಕೋಟೆ ಬಂತು. ಒಪ್ಪಂದದ ಎರಡನೇ ಪುಟದಲ್ಲೇ ಬರೆದಿತ್ತು, ಮೋಟರ್ ಕೆಟ್ಟರೆ ಏಜೆನ್ಸಿಯೇ ಸರಿಮಾಡಬೇಕು ಅಂತ. ನಿಂತ ತಿಂಗಳುಗಳಿಗೂ ಬಿಲ್ ಆಗಿತ್ತು! ಆ ಎರಡು ಪುಟದ ಜೆರಾಕ್ಸ್ ಹಿಡಿದು ಎಂಜಿನಿಯರ್ ಹತ್ತಿರ ಹೋದೆವು. ಜೋರು ಮಾಡಲಿಲ್ಲ, ವಿಡಿಯೊ ಮಾಡಲಿಲ್ಲ. "ಸರ್, ಇದನ್ನು ಸ್ವಲ್ಪ ಓದಿ" ಅಂದೆವು ಅಷ್ಟೇ. ಹನ್ನೆರಡನೇ ದಿನಕ್ಕೆ ಹೊಸ ಮೋಟರ್ ಬಂತು. ಬಂದ ಹುಡುಗ ನಾಣ್ಯದ ತೂತಿನಿಂದ ಬೆಂಕಿಕಡ್ಡಿಗಳನ್ನು ಪಿನ್ನಿನಿಂದ ಒಂದೊಂದಾಗಿ ಕೀಳುತ್ತಿದ್ದರೆ ಅರ್ಧ ಓಣಿ ನಿಂತು ನೋಡುತ್ತಿತ್ತು.

ಪಂಚಾಯಿತಿ ಲೆಕ್ಕ ನೋಡೋಕೆ ಇನ್ನೊಂದು ಒಳ್ಳೆ ಸಮಯ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಆಗಬೇಕು. ಹಿಂದಿನ ವರ್ಷದ ಖರ್ಚು, ಬಿಲ್ಲು ಎಲ್ಲ ಜನರ ಮುಂದೆ ತೆರೆದಿಡಬೇಕು, ಕೆಲಸದ ಜಾಗಕ್ಕೂ ಹೋಗಿ ನೋಡಬೇಕು. ಗಣೇಶನ ಗಲಾಟೆಯಲ್ಲಿ ಅದು ಬಂದು ಹೋಗಿದ್ದೇ ಗೊತ್ತಾಗಲ್ಲ. ಈ ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಂದು ಎಚ್ಚರಿಕೆ. ಮಾಹಿತಿ ಹಕ್ಕನ್ನು ದುಡ್ಡು ಕೀಳೋಕೆ ಬಳಸುವವರೂ ನಮ್ಮ ಕಡೆ ಇದ್ದಾರೆ. ನಿಮ್ಮನ್ನೂ ಹಾಗೆ ಅಂದುಕೊಳ್ಳುತ್ತಾರೆ. ಅದಕ್ಕೇ ಒಬ್ಬರ ಹೆಸರಲ್ಲಿ ಅರ್ಜಿ ಹಾಕಿದರೂ ಉತ್ತರವನ್ನು ಎಲ್ಲರ ಮುಂದೆ ಓದಿ.

ಶಾಸಕರ ಹತ್ತಿರ ಯಾವಾಗ ಹೋಗಬೇಕು?

ಎಲ್ಲದಕ್ಕೂ ಅಲ್ಲ. ಚರಂಡಿಗೆ ಶಾಸಕರ ಮನೆ ಬಾಗಿಲು ಕಾಯೋದು ಅವರಿಗೂ ದಂಡ, ನಮಗೂ ದಂಡ. ಪಂಚಾಯಿತಿಯ ಕೈಮೀರಿದ್ದು, ಅಂದರೆ ಪಿಯು ಕಾಲೇಜು, ಸೇತುವೆ, ಆಸ್ಪತ್ರೆಗೆ ಡಾಕ್ಟರ್, ಕಾಲುವೆ ನೀರು, ಇಂಥದಕ್ಕೆ ಹೋಗಿ. ಅವರ ಕೈಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರ ನಿಧಿ ಇರುತ್ತದೆ, ಸಂಸದರಿಗೆ 5 ಕೋಟಿ. ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡೂ ಇದೆ. ಆದರೆ ನನಗೆ ದುಡ್ಡಿಗಿಂತ ಹೆಚ್ಚು ಕೆಲಸದ್ದು ಅನ್ನಿಸುವುದು ಸದನದ ಪ್ರಶ್ನೆ. ಅಧಿವೇಶನಕ್ಕೆ ಸಾಕಷ್ಟು ಮುಂಚೆ ಹೋಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದು ಕೊಡಿ. ಸದನದಲ್ಲಿ ಕೇಳಿದ ಪ್ರಶ್ನೆಗೆ ಇಲಾಖೆ ಬರೆದು ಉತ್ತರ ಕೊಡಬೇಕಾಗುತ್ತದೆ. ಡಿಸೆಂಬರಿನ ಬೆಳಗಾವಿ ಅಧಿವೇಶನ ಉತ್ತರ ಕರ್ನಾಟಕದ ಮಾತಿಗೆ ಒಳ್ಳೆ ಸಮಯ.

ನಿಮ್ಮ ಎದುರು ಪಕ್ಷದ ಶಾಸಕರಾದರೂ ಹೋಗಿ. ವೋಟು ಯಾರಿಗೆ ಹಾಕಿದ್ದೀರಿ ಅನ್ನೋದು ಅರ್ಜಿ ಮೇಲೆ ಬರೆದಿರಲ್ಲ.

ಬೀದಿಗೆ ಇಳಿಯುವುದಾದರೆ

ಅರ್ಜಿ, ಠರಾವು, ಕಾಗದ ಎಲ್ಲ ಆದ ಮೇಲೂ ಆಗಲಿಲ್ಲ ಅಂದರೆ ಧರಣಿ. ಅದು ಕೊನೆಯದು, ಮೊದಲನೆಯದಲ್ಲ. ರಾಯಚೂರಿಗೆ ಕೇಂದ್ರದ ಏಮ್ಸ್ ಆಸ್ಪತ್ರೆ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. ಕೊಪ್ಪಳದಲ್ಲಿ ಊರ ಪಕ್ಕದ ಉಕ್ಕಿನ ಕಾರ್ಖಾನೆ ಬೇಡ ಅಂತ 2025ರ ಫೆಬ್ರವರಿ 24ರಂದು ಬಂದ್ ಆದಾಗ ಗವಿಮಠದ ಸ್ವಾಮಿಗಳ ಜೊತೆ ಪಕ್ಷಭೇದ ಇಲ್ಲದೆ ಮಂದಿ ಬೀದಿಗೆ ಬಂದರು. ಅಲ್ಲಿ ಹೊಗೆ ಎಲ್ಲರ ಮನೆಗೂ ಬರುತ್ತಿತ್ತು.

ಮಾಡುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಬರೆದು ಕೊಟ್ಟು ಅನುಮತಿ ಪಡೆಯಿರಿ, ಮೈಕಿಗೂ ಅನುಮತಿ ಬೇಕು. ನಿಷೇಧಾಜ್ಞೆ ಇದ್ದರೆ, ಅಂದರೆ ಮೊದಲು 144 ಅನ್ನುತ್ತಿದ್ದದ್ದು ಈಗ 163, ಆ ದಿನ ಬಿಟ್ಟುಬಿಡಿ. ಬಸ್ಸಿಗೆ ಕಲ್ಲು, ಟೈರಿಗೆ ಬೆಂಕಿ ಬೇಡ. ಕೇಸು ಬೀಳೋದು ಮುಂದೆ ನಿಂತ ಬಡ ಹುಡುಗರ ಮೇಲೆ, ಪಾಸ್‌ಪೋರ್ಟಿಗೂ ನೌಕರಿಗೂ ಅದು ಅಡ್ಡ ಬರುತ್ತದೆ. ಹಿಂದಿನಿಂದ ಕೂಗಿದವರು ಅಷ್ಟೊತ್ತಿಗೆ ಮನೆಯಲ್ಲಿ ಊಟ ಮಾಡುತ್ತಿರುತ್ತಾರೆ. ವಾಟ್ಸ್ಆಪ್ ಗ್ರೂಪಿನಲ್ಲಿ ತಾರೀಖು, ಜಾಗ, ಸೀಲು ಹಾಕಿದ ಅರ್ಜಿಯ ಫೋಟೊ, ಇಷ್ಟೇ ಹಾಕಿ. ಯಾರನ್ನಾದರೂ ಬೈದು ಹಾಕಿದರೆ ಮರುದಿನ ನೀರಿನ ಮಾತು ಹೋಗಿ ಆ ಬೈಗುಳದ ಮಾತೇ ಉಳಿಯುತ್ತದೆ.

ವೋಟರ್ ಲಿಸ್ಟು

ಸಹಿ ಮಾಡಿದವರ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ಇಲ್ಲದವರು ನಮೂನೆ 6, ತಿದ್ದುಪಡಿಗೆ ನಮೂನೆ 8, ಊರಿನ ಬಿಎಲ್‌ಒ, ಅಂದರೆ ಮತಗಟ್ಟೆ ಅಧಿಕಾರಿ ಹತ್ತಿರ ಸಿಗುತ್ತದೆ. ಸಹಾಯಕ್ಕೆ 1950. ಹದಿನೇಳು ತುಂಬಿದ ಹುಡುಗ ಹುಡುಗಿಯರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಗುಳೆ ಹೋದವರ ಹೆಸರು ಊರಲ್ಲಿ ಇಲ್ಲ ಅಂತ ತೆಗೆದು ಹಾಕುವುದೂ ಉಂಟು, ಅದನ್ನು ಜಾಸ್ತಿ ಗಮನಿಸಿ.

ಕೆಲಸ ಆದ ಮೇಲೂ ಒಂದು ಕಾಗದ ಬರೆಯಿರಿ. ಇದನ್ನು ಯಾರೂ ಮಾಡಲ್ಲ. ನಾವು ಘಟಕ ಶುರುವಾದ ವಾರ ಪಂಚಾಯಿತಿಗೂ ಎಂಜಿನಿಯರಿಗೂ ಧನ್ಯವಾದದ ಪತ್ರ ಕೊಟ್ಟೆವು. ಕೆಳಗೆ ಒಂದು ಸಾಲು ಸೇರಿಸಿದ್ದೆವು: "ನಿಂತ ತಿಂಗಳುಗಳ ಬಿಲ್ ವಾಪಸ್ ಪಡೆದ ಬಗ್ಗೆ ಮುಂದಿನ ಗ್ರಾಮ ಸಭೆಯಲ್ಲಿ ತಿಳಿಸಬೇಕಾಗಿ ವಿನಂತಿ." ಕಚೇರಿಯಲ್ಲಿದ್ದವರು ಓದಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಡ್ರಾಯರ್ ಎಳೆದು, ನಾನು ಕೇಳುವ ಮೊದಲೇ ಸೀಲು ತೆಗೆದರು.